"ನನ್ನ ಜೊತೆ ಯಾರೂ ಆಡಲ್ಲ ಅಮ್ಮ": ಎಲ್‌ಕೆಜಿ ಮಗುವಿಗೆ ಸ್ನೇಹಿತರು ಆಗುವುದು ಹೇಗೆ?

ಕುವೆಂಪುನಗರದ ಅಮ್ಮ · ಸೋಮವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು.

ಮಗಳಿಗೆ ಮಾರ್ಚಿನಲ್ಲಿ ನಾಲ್ಕು ತುಂಬಿತು. ಜೂನ್‌ನಿಂದ ಎಲ್‌ಕೆಜಿ. ಅದಕ್ಕೆ ಮುಂಚೆ ಪ್ಲೇ ಹೋಮ್‌ಗೆ ಕಳಿಸಿರಲಿಲ್ಲ, ಅಜ್ಜಿ ಜೊತೆ ಮನೆಯಲ್ಲೇ ಇದ್ದಳು. ಮೊದಲ ವಾರ ಗೇಟಿನಲ್ಲಿ ಅತ್ತಳು. ಅದು ಎಲ್ಲ ಮಕ್ಕಳದ್ದೂ ಇದ್ದದ್ದೇ, ಈಗ ಅಳು ನಿಂತಿದೆ. ಆದರೆ ದಿನಾ ರಾತ್ರಿ ದೀಪ ಆರಿಸಿದ ಮೇಲೆ ಒಂದೇ ಮಾತು: "ನನ್ನ ಜೊತೆ ಯಾರೂ ಆಡಲ್ಲ ಅಮ್ಮ."

ಕ್ಲಾಸಿನಲ್ಲಿ ಮೂರು ಹುಡುಗಿಯರ ಒಂದು ಗುಂಪು ಇದೆಯಂತೆ. ಮೂವರ ಹತ್ತಿರವೂ ಒಂದೇ ತರಹದ ಪಿಂಕ್ ವಾಟರ್ ಬಾಟಲ್. ಇವಳು ಹೋದರೆ "ನಿನ್ನ ಬಾಟಲ್ ನೀಲಿ, ನೀನು ಬರಬೇಡ" ಅನ್ನುತ್ತಾರಂತೆ. ಯಜಮಾನರು "ಆರುನೂರು ರೂಪಾಯಿ ಬಿಸಾಕಿ ಪಿಂಕ್ ತಂದುಬಿಡೋಣ" ಎನ್ನುತ್ತಾರೆ. ಅತ್ತೆ "ಅಷ್ಟಕ್ಕೆಲ್ಲ ನೀನು ತಲೆ ಕೆಡಿಸಿಕೊಳ್ಳುತ್ತೀಯಲ್ಲ" ಎನ್ನುತ್ತಾರೆ. ಮಿಸ್ ಕೇಳಿದರೆ "ಅಡ್ಜಸ್ಟ್ ಆಗ್ತಾಳೆ ಮೇಡಂ" ಅಷ್ಟೇ.

ಮೊನ್ನೆ ಬೇಗ ಹೋಗಿ ಗೇಟಿನ ಸಂದಿಯಿಂದ ನೋಡಿದೆ. ಎಲ್ಲರೂ ಮರಳಿನಲ್ಲಿ ಆಡುತ್ತಿದ್ದರು. ನನ್ನ ಮಗಳು ಎರಡು ಹೆಜ್ಜೆ ದೂರದಲ್ಲಿ ನಿಂತು ಸುಮ್ನೆ ನೋಡುತ್ತಿದ್ದಳು. ಫ್ರಾಕಿನ ತುದಿ ಬಾಯಲ್ಲಿ. ಹೊಟ್ಟೆ ಕಿವುಚಿದ ಹಾಗಾಯಿತು.

ಬಾಟಲ್ ಕೊಡಿಸಬೇಕಾ? ಸ್ಕೂಲ್ ಬದಲಿಸಬೇಕಾ? ಅಥವಾ ಅತ್ತೆ ಹೇಳುವುದೇ ಸರಿಯಾ?

ಹೆಬ್ಬಾಳ ರಿಂಗ್ ರೋಡ್ · 10:50

ಬಾಟಲ್ ಕೊಡಿಸಿ. ವಿಷಯ ಮುಗೀತು.

ಮಲ್ಲಿಗೆ ಮೊಗ್ಗು · 10:58

ದಯವಿಟ್ಟು ಕೊಡಿಸಬೇಡಿ!! ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನನ್ನ ಮಗ ಯುಕೆಜಿಯಲ್ಲಿದ್ದಾಗ ಲೈಟ್ ಬರುವ ಶೂ ಇದ್ದವರೆಲ್ಲ ಒಂದು ಗುಂಪು. ಊರೆಲ್ಲ ಸುತ್ತಿ ತಂದೆ. ನಾಲ್ಕು ದಿನ ಚೆನ್ನಾಗಿತ್ತು. ಐದನೇ ದಿನ ಡೈನೋಸಾರ್ ರಬ್ಬರ್ ಇರುವವರ ಗುಂಪು ಆಯಿತು. ಶೂ ಈಗಲೂ ಅಟ್ಟದ ಮೇಲಿದೆ.

ಹೆಬ್ಬಾಳ ರಿಂಗ್ ರೋಡ್ · 11:01

ನಾಲ್ಕು ದಿನ ಮಗು ಖುಷಿಯಾಗಿತ್ತಲ್ವಾ. ಆರುನೂರಕ್ಕೆ ನಾಲ್ಕು ದಿನ, ಒಳ್ಳೆ ರೇಟು.

ಸರಸ್ವತಿಪುರಂ ಟೀಚರ್ · ಮಂಗಳವಾರ ಬೆಳಿಗ್ಗೆ 6:15

ನಾನು 14 ವರ್ಷದಿಂದ ನರ್ಸರಿ, ಎಲ್‌ಕೆಜಿ ಮಕ್ಕಳ ಜೊತೆ ಇದ್ದೇನೆ. ಡಬ್ಬಿ ಕಟ್ಟುವುದಕ್ಕೆ ಮುಂಚೆ ಬೇಗ ಬೇಗ ಬರೆಯುತ್ತಿದ್ದೇನೆ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಿಮ್ಮ ಹೊಟ್ಟೆ ಕಿವುಚಿದ ದೃಶ್ಯ ಇದೆಯಲ್ಲ, ಎರಡು ಹೆಜ್ಜೆ ದೂರ ನಿಂತು ನೋಡುವುದು, ಅದನ್ನು ಕಂಡರೆ ನನಗೆ ಸಮಾಧಾನ ಆಗುತ್ತದೆ. ಮಗು ಮೂಲೆಯಲ್ಲಿ ಗೋಡೆ ನೋಡುತ್ತಾ ಕೂತಿಲ್ಲ. ಆಟ ನೋಡುತ್ತಿದೆ. ಅದೂ ಒಂದು ಕೆಲಸವೇ. ನಮ್ಮ ಟ್ರೈನಿಂಗಿನಲ್ಲಿ ಮಿಲ್ಡ್ರೆಡ್ ಪಾರ್ಟನ್ ಅವರ ಪಾಠ ಇತ್ತು. ಅವರು ಅಮೆರಿಕದ ಒಂದು ನರ್ಸರಿಯಲ್ಲಿ ಮಕ್ಕಳು ಆಡುವುದನ್ನು ನೋಡಿ ನೋಡಿ ಬರೆದುಕೊಂಡು 1932ರಲ್ಲಿ ಪ್ರಕಟಿಸಿದರು. ಒಂಟಿ ಆಟ, ಬರೀ ನೋಡುವುದು, ಪಕ್ಕ ಪಕ್ಕ ಕೂತು ತಮ್ಮ ಪಾಡಿಗೆ ತಾವು ಆಡುವುದು, ಸಾಮಾನು ಕೊಟ್ಟು ತೆಗೆದುಕೊಂಡು ಆಡುವುದು, ಕೊನೆಗೆ "ನೀನು ಡಾಕ್ಟರ್, ನಾನು ಪೇಷಂಟ್" ಅಂತ ಹಂಚಿಕೊಂಡು ಆಡುವುದು. ವಯಸ್ಸಾದ ಹಾಗೆ ಕೂಡಿ ಆಡುವುದು ಜಾಸ್ತಿ ಆಗುತ್ತದೆ. ನಿಮ್ಮ ಮಗಳು ಮನೆಯಿಂದ ನೇರ ಎಲ್‌ಕೆಜಿಗೆ ಬಂದವಳು. ಬೇರೆ ಮಕ್ಕಳು ಒಂದು ವರ್ಷ ಮೊದಲೇ ಪ್ಲೇ ಹೋಮ್‌ನಲ್ಲಿ ಕಚ್ಚಿ ಪರಚಿ ಕಲಿತದ್ದನ್ನು ಇವಳು ಈಗ ಕಲಿಯುತ್ತಿದ್ದಾಳೆ.

ಇನ್ನೊಂದು. "ನಾನೂ ಬರಲಾ?" ಎಂದು ಕೇಳು ಅಂತ ಹೇಳಿಕೊಡುತ್ತೀರಲ್ವಾ? ಎಲ್ಲ ಅಮ್ಮಂದಿರೂ ಹೇಳಿಕೊಡುತ್ತಾರೆ. ಕೇಳಿದರೆ ಬರುವ ಉತ್ತರ "ಬೇಡ". ಯಾಕೆಂದರೆ ಆ ವಯಸ್ಸಿನಲ್ಲಿ ಆಟ ಅನ್ನುವುದು ಸೋಪಿನ ಗುಳ್ಳೆ. ಮೂರು ಜನ ಕಷ್ಟಪಟ್ಟು ಒಂದು ಮನೆ ಕಟ್ಟಿರುತ್ತಾರೆ, ನಾಲ್ಕನೆಯವರು ಬಂದರೆ ಯಾರು ಅಮ್ಮ, ಯಾರು ಪಾಪು ಎಲ್ಲ ಮೊದಲಿಂದ ಶುರು. ಅವರು ನಿಮ್ಮ ಮಗಳನ್ನು ದೂಡುತ್ತಿಲ್ಲ, ತಮ್ಮ ಆಟ ಕಾಪಾಡಿಕೊಳ್ಳುತ್ತಿದ್ದಾರೆ. ಬಾಟಲ್ ಬಣ್ಣ ಬರೀ ನೆಪ. ಕೇಳದೆ ಪಕ್ಕ ಕೂತು ಅದೇ ಆಟ ಆಡಿದರೆ ಐದು ನಿಮಿಷಕ್ಕೆ ಒಳಗೆ ಸೇರಿರುತ್ತದೆ ಮಗು. ಅವರು ಮರಳಿನಲ್ಲಿ ಇಡ್ಲಿ ಮಾಡುತ್ತಿದ್ದರೆ ಇವಳೂ ಪಕ್ಕದಲ್ಲಿ ಇಡ್ಲಿ ಹಾಕಲಿ. ಯಾರಾದರೂ ಬಂದು ಚಟ್ನಿ ಬೇಕು ಅನ್ನುತ್ತಾರೆ.

ವ್ಯಾನ್ ಬಂತು. ಮಿಕ್ಕಿದ್ದು ಸಂಜೆ.

ಕೋಡಿಂಗ್ ಅಪ್ಪ · 8:40

ಟೀಚರ್ ಮೇಡಂ, ಗೌರವದಿಂದಲೇ ಕೇಳುತ್ತೇನೆ. 1932ರ ಅಮೆರಿಕದ ಮಕ್ಕಳ ಲೆಕ್ಕ ಕುವೆಂಪುನಗರಕ್ಕೆ ಹೊಂದುತ್ತದಾ? ಒಂಟಿ ಆಟ ಕೆಳಗಿನ ಮೆಟ್ಟಿಲು, ಗುಂಪಿನ ಆಟ ಮೇಲಿನ ಮೆಟ್ಟಿಲು ಅನ್ನುವುದನ್ನು ಆಮೇಲೆ ಬಂದ ಸಂಶೋಧಕರೇ ಒಪ್ಪಿಲ್ಲ. ನನ್ನ ಮಗ ಒಬ್ಬನೇ ಕೂತು ಬ್ಲಾಕ್ಸ್‌ನಲ್ಲಿ ಅರ್ಧ ಗಂಟೆ ಸೇತುವೆ ಕಟ್ಟುತ್ತಾನೆ. ಅವನಿಗೇನು ಸ್ನೇಹ ಬರುವುದಿಲ್ಲವಾ? ಬೇಡ ಅಷ್ಟೇ.

ಸರಸ್ವತಿಪುರಂ ಟೀಚರ್ · ಸಂಜೆ 4:55

ಸರ್, ಒಪ್ಪುತ್ತೇನೆ. ಮೆಟ್ಟಿಲು ಅಂತ ನಾನೂ ಹೇಳಲಿಲ್ಲ. ಐದು ವರ್ಷದ ಮಗುವೂ ಒಂದೇ ದಿನದಲ್ಲಿ ಐದೂ ತರಹ ಆಡುತ್ತದೆ. ಬೇಕೆಂದು ಒಬ್ಬನೇ ಕೂತವನು ಬೇರೆ, ಸೇರಬೇಕು ಅಂತ ಆಸೆ ಇದ್ದೂ ಸೇರಲು ಬಾರದವನು ಬೇರೆ. ಈ ಮಗು ರಾತ್ರಿ ಹೇಳಿಕೊಳ್ಳುತ್ತಿದೆ. ಅಂದರೆ ಆಸೆ ಇದೆ.

ಪಾರ್ಟನ್ ಹಳೆಯದಾಯಿತು ಅಂದರೆ ವಿಲಿಯಂ ಕೊರ್ಸಾರೊ ಎಂಬುವರು 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ನರ್ಸರಿಯಲ್ಲಿ ಮಕ್ಕಳ ಮಧ್ಯೆ ನೆಲದ ಮೇಲೇ ಕೂತು ನೋಡಿದರು. ಮಕ್ಕಳೆಲ್ಲ ಅವರನ್ನು 'ಬಿಗ್ ಬಿಲ್' ಅನ್ನುತ್ತಿದ್ದರಂತೆ. ಮಕ್ಕಳು ಆಟ ಕಾಪಾಡಿಕೊಳ್ಳಲು ಹೊಸಬರನ್ನು ತಡೆಯುತ್ತಾರೆ ಎಂದು ಬರೆದದ್ದು ಅವರೇ. ಆಮೇಲೆ ಇಟಲಿಯಲ್ಲೂ ನೋಡಿದರು. ಮೈಸೂರಿನದು ನಾನು ದಿನಾ ನೋಡುತ್ತೇನೆ 😀

ಮದ್ದೂರು ವಡೆ · ಸಂಜೆ 6:20

ಇಷ್ಟೆಲ್ಲ ಇಂಗ್ಲಿಷ್ ಹೆಸರು ಯಾಕೆ ತಾಯಿ. ನಮ್ಮೂರಲ್ಲಿ ಇದಕ್ಕೆ ಔಷಧಿ ಇತ್ತು. "ಆಟಕ್ಕುಂಟು ಲೆಕ್ಕಕ್ಕಿಲ್ಲ."

ಎಂಟು ಹತ್ತು ವರ್ಷದ ಹುಡುಗರು ಕಣ್ಣಾಮುಚ್ಚಾಲೆ ಆಡುವಾಗ ಮೂರು ವರ್ಷದ ತಮ್ಮನೋ ತಂಗಿಯೋ ಚಡ್ಡಿ ಹಿಡಿದುಕೊಂಡು ಹಿಂದೆ ಬರುತ್ತಿತ್ತು. ಬಿಟ್ಟು ಬಂದರೆ ಅಮ್ಮನ ಕೈಯಲ್ಲಿ ಏಟು. ಸೇರಿಸಿಕೊಂಡರೆ ಆಟ ಹಾಳು. ಆವಾಗ ಮಾಡಿದ ಕಾನೂನು ಇದು. ಅವನು ಓಡಬಹುದು, ಬಚ್ಚಿಟ್ಟುಕೊಳ್ಳಬಹುದು, ಕಿರುಚಬಹುದು. ಸಿಕ್ಕಿಬಿದ್ದರೂ ಔಟ್ ಇಲ್ಲ. ಅವನಿಗೆ ಗೊತ್ತೂ ಆಗುವುದಿಲ್ಲ, ತಾನೇ ಗೆದ್ದೆ ಅಂದುಕೊಂಡು ಮನೆಗೆ ಹೋಗುತ್ತಿದ್ದ. ಎರಡು ವರ್ಷ ಹೀಗೆ ಓಡಾಡಿ ಓಡಾಡಿ ಒಂದು ದಿನ "ಇವತ್ತಿಂದ ನಾನೂ ಲೆಕ್ಕಕ್ಕುಂಟು" ಅಂತ ಜಗಳ ತೆಗೆಯುತ್ತಿದ್ದ. ಆವತ್ತು ಅವನಿಗೆ ಆಟ ಬಂತು ಅಂತ ಅರ್ಥ.

ಈಗ ಇಪ್ಪತ್ತೈದು ನಾಲ್ಕು ವರ್ಷದ ಮಕ್ಕಳನ್ನು ಒಂದೇ ರೂಮಿಗೆ ತುಂಬುತ್ತೀರಿ. ಯಾರಿಗೂ ಆಟ ಗೊತ್ತಿಲ್ಲ, ಎಲ್ಲರೂ ಕಲಿಯುವವರೇ. ಸೇರಿಸಿಕೊಳ್ಳುವ ಅಕ್ಕ ಇಲ್ಲ, ಅಣ್ಣ ಇಲ್ಲ. ಬಾಟಲ್ ಬಣ್ಣ ನೋಡದೆ ಇನ್ನೇನು ನೋಡುತ್ತವೆ?

ಮಲ್ಲಿಗೆ ಮೊಗ್ಗು · 6:31

ಮಾವ, ಇದನ್ನು ಓದಿ ಕಣ್ಣಲ್ಲಿ ನೀರು ಬಂತು. ನಾನೇ ಲೆಕ್ಕಕ್ಕಿಲ್ಲದವಳು ಅಂತ ಇವತ್ತು ಗೊತ್ತಾಗ್ತಿದೆ. ಕುಂಟೆಬಿಲ್ಲೆಯಲ್ಲಿ ನಾನು ಯಾವತ್ತೂ ಔಟ್ ಆಗುತ್ತಲೇ ಇರಲಿಲ್ಲ!

ಕೋಡಿಂಗ್ ಅಪ್ಪ · 6:44

ಹಳೆಯದೆಲ್ಲ ಚಿನ್ನ ಅನ್ನಬೇಡಿ ಮಾವ. ದೊಡ್ಡ ಹುಡುಗರು ಸಣ್ಣವರ ಕೈಯಲ್ಲಿ ಅಂಗಡಿಯಿಂದ ಬೀಡಿ ತರಿಸುತ್ತಿದ್ದದ್ದೂ ಅದೇ ಬೀದಿಯಲ್ಲೇ. ಯಾರು ಯಾವ ಕೇರಿಯವರು ಅಂತ ನೋಡಿ ಆಟಕ್ಕೆ ಸೇರಿಸುತ್ತಿದ್ದದ್ದೂ ನೆನಪಿದೆ ನನಗೆ. ಬಾಟಲ್ ಬಣ್ಣ ಅದಕ್ಕಿಂತ ಎಷ್ಟೋ ವಾಸಿ.

ಮದ್ದೂರು ವಡೆ · 6:59

ಅದು ನಿಜ. ಇಲ್ಲ ಅನ್ನುವುದಿಲ್ಲ.

ನರಸೀಪುರದ ಅಜ್ಜಿ · ರಾತ್ರಿ 8:10

ನನ್ನ ಮೊಮ್ಮಗ ಟೈಪ್ ಮಾಡುತ್ತಿದ್ದಾನೆ, ನಾನು ಹೇಳುತ್ತಿದ್ದೇನೆ.

ನಾನು ಅಂಗನವಾಡಿಯಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೆಲಸ ಮಾಡಿ ನಿವೃತ್ತಿ ಆದವಳು. 1975ರ ಅಕ್ಟೋಬರ್ 2ರಂದು ದೇಶದಲ್ಲಿ 33 ಕಡೆ ಈ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ತಿರುಮಕೂಡಲು ನರಸೀಪುರಕ್ಕೆ. ಇದನ್ನು ಹೇಳಿಕೊಳ್ಳದೆ ಇರಲು ನನಗೆ ಆಗುವುದಿಲ್ಲ.

ಅಂಗನವಾಡಿಯಲ್ಲಿ ಮೂರರಿಂದ ಆರು ವರ್ಷದವರು ಒಟ್ಟಿಗೇ ಕೂರುತ್ತಾರೆ. ರೂಮು ಒಂದೇ ಇತ್ತು, ಬೇರೆ ದಾರಿ ಇರಲಿಲ್ಲ. ಆದರೆ ಒಳ್ಳೆಯದೇ ಆಯಿತು. ಹೊಸ ಮಗು ಬಂದರೆ ನಾನು ಎತ್ತಿಕೊಳ್ಳುತ್ತಿರಲಿಲ್ಲ. ಎತ್ತಿಕೊಂಡರೆ ದಿನಾ ಎತ್ತಿಕೊಳ್ಳಬೇಕು. ಒಂದು ಐದು ವರ್ಷದ ಹುಡುಗಿಯನ್ನು ಕರೆದು "ಇವನು ನಿನ್ನ ಪಾಪು, ಊಟದ ಹೊತ್ತಿಗೆ ಕೈ ತೊಳೆಸು" ಅನ್ನುತ್ತಿದ್ದೆ. ಅವಳಿಗೆ ಜಂಬ, ಇವನಿಗೆ ಜೊತೆ. ಊಟಕ್ಕೆ ಕೂತಾಗ ಅವಳ ಪಕ್ಕವೇ ಜಾಗ ಹಿಡಿಯುತ್ತಿದ್ದ. ಸ್ನೇಹ ಆಗುವುದು ಆಟದಲ್ಲಿ ಅನ್ನುತ್ತೀರಿ, ನಾನು ಕಂಡ ಹಾಗೆ ಪಂಕ್ತಿಯಲ್ಲಿ ಆಗುವುದೇ ಜಾಸ್ತಿ. ಪಕ್ಕ ಕೂತು ಉಂಡವರು ಆಮೇಲೆ ಪಕ್ಕವೇ ಆಡುತ್ತಾರೆ.

ಮಗಳೇ, ನಿಮ್ಮ ಹುಡುಗಿ ಊಟಕ್ಕೆ ಯಾರ ಪಕ್ಕ ಕೂರುತ್ತಾಳೆ ಅಂತ ಕೇಳಿ ನೋಡಿ.

ಹೆಬ್ಬಾಳ ರಿಂಗ್ ರೋಡ್ · 8:15

ಅಜ್ಜಿ, ನೀವು ಬರೆಯುತ್ತಲೇ ಇರಿ 🙏

ಕುಕ್ಕರಹಳ್ಳಿ ವಾಕಿಂಗ್ · 8:40

ನಮ್ಮ ಮನೆಯಲ್ಲಿ ಸಮಸ್ಯೆ ಉಲ್ಟಾ. ಮಗನಿಗೆ ದಿನಕ್ಕೊಬ್ಬ ಬೆಸ್ಟ್ ಫ್ರೆಂಡ್. ಸೋಮವಾರ ಒಬ್ಬನಿಗೆ ಟೂ ಬಿಟ್ಟರೆ ಮಂಗಳವಾರ ಅವನೇ ಪ್ರಾಣ. ಯಾಕೋ ಅವನು ನಿನ್ನ ಫ್ರೆಂಡು ಅಂದರೆ "ಅವನ ಹತ್ರ ಕೆಂಪು ಕಾರ್ ಇದೆ" ಅನ್ನುತ್ತಾನೆ. ಕಾರ್ ಇಲ್ಲದ ದಿನ? "ಇವತ್ತು ಫ್ರೆಂಡ್ ಅಲ್ಲ." ಇವನು ದೊಡ್ಡವನಾದರೆ ರಾಜಕೀಯಕ್ಕೆ ಹೋಗುತ್ತಾನಾ ಅಂತ ಭಯ.

ಸರಸ್ವತಿಪುರಂ ಟೀಚರ್ · 8:52

ಭಯ ಬೇಡ. ನಾಲ್ಕು ವರ್ಷಕ್ಕೆ ಫ್ರೆಂಡ್ ಅಂದರೆ "ಈಗ ನನ್ನ ಜೊತೆ ಆಡುತ್ತಿರುವವನು". ನಂಬಿಕೆ, ಗುಟ್ಟು ಎಲ್ಲ ಬಹಳ ಆಮೇಲಿನ ಮಾತು. ಆಡುತ್ತಾ ಆಡುತ್ತಾ "ನಾವಿಬ್ಬರೂ ಫ್ರೆಂಡ್ಸ್ ಅಲ್ವಾ?" ಅಂತ ಹತ್ತು ಸಲ ಕೇಳುವುದೂ ಅದಕ್ಕೇ, ಗಟ್ಟಿ ಮಾಡಿಕೊಳ್ಳುತ್ತಿರುತ್ತವೆ. ಆದರೂ ವರ್ಷವಿಡೀ ಬಿಡದ ಜೋಡಿಗಳನ್ನೂ ಕಂಡಿದ್ದೇನೆ. ಒಂದು ಮಗು ಬರದಿದ್ದರೆ ಇನ್ನೊಂದು ಆ ದಿನ ಮಂಕಾಗಿರುತ್ತದೆ.

ಮಲ್ಲಿಗೆ ಮೊಗ್ಗು · 9:05

ಈಗಿನ ಮಕ್ಕಳೂ ಟೂ ಬಿಡ್ತಾರಾ?? ಕಿರುಬೆರಳಾ ಹೆಬ್ಬೆರಳಾ?

ಕುಕ್ಕರಹಳ್ಳಿ ವಾಕಿಂಗ್ · 9:07

ಕಿರುಬೆರಳು.

ಹೆಬ್ಬಾಳ ರಿಂಗ್ ರೋಡ್ · 9:09

ನಮ್ಮಲ್ಲಿ ಹೆಬ್ಬೆರಳನ್ನು ಗದ್ದಕ್ಕೆ ತಾಗಿಸಿ ಟೂ. ಕಿರುಬೆರಳು ರಾಜಿಗೆ.

ಮದ್ದೂರು ವಡೆ · 9:15

ಬೀದಿಗೊಂದು ಕಾನೂನು ಇದಕ್ಕೆ. ಇದರ ಮೇಲೇ ಇನ್ನೊಂದು ಜಗಳ ಶುರು ಮಾಡಬೇಡಿ.

ಇಲವಾಲ ಕಡೆಯವನು · 9:30

ಯಾರೂ ಭಾಷೆ ವಿಷಯ ಎತ್ತಲಿಲ್ಲ. ನಮ್ಮ ಏರಿಯಾದ ಸ್ಕೂಲಿನಲ್ಲಿ ಅರ್ಧ ಮಕ್ಕಳು ಬೇರೆ ರಾಜ್ಯದವರು. ಹಿಂದಿ ಮಾತಾಡುವವರದ್ದು ಒಂದು ಕಡೆ, ಕನ್ನಡದವರದ್ದು ಒಂದು ಕಡೆ. ಮಿಸ್ ಇಂಗ್ಲಿಷ್. ನನ್ನ ಮಗನಿಗೆ ಮನೆಯ ಕನ್ನಡ ಬಿಟ್ಟು ಏನೂ ಬರುತ್ತಿರಲಿಲ್ಲ. ಎರಡು ತಿಂಗಳು ಬಾಯಿ ಬಿಡಲಿಲ್ಲ. ಆಮೇಲೆ ಒಂದು ದಿನ "ಅಪ್ಪಾ, ಮೇರಾ ಬಾರಿ ಅಂದ್ರೆ ನನ್ನ ಚಾನ್ಸು" ಅಂತ ನನಗೇ ಪಾಠ ಮಾಡಿದ. ಜಾರುಬಂಡೆ ಕ್ಯೂನಲ್ಲಿ ಕಲಿತದ್ದು. ವ್ಯಾಕರಣ ತಪ್ಪೇ, ಆದರೆ ಕೆಲಸ ಆಯಿತು.

ಪೋಸ್ಟ್ ಹಾಕಿದ ಮೇಡಂ, ಆ ಪಿಂಕ್ ಗುಂಪಿನವರು ಮನೆಯಲ್ಲಿ ಏನು ಮಾತಾಡುತ್ತಾರೆ?

ಕುವೆಂಪುನಗರದ ಅಮ್ಮ · 9:48

ಮೂವರೂ ಕನ್ನಡದವರೇ. ಆದರೆ ಮೂವರೂ ಒಂದೇ ವ್ಯಾನಿನಲ್ಲಿ ಬರುತ್ತಾರೆ. ನಾನು ಸ್ಕೂಟರಿನಲ್ಲಿ ಬಿಡುತ್ತೇನೆ. ಈಗ ಬರೆಯುವಾಗ ಹೊಳೆಯಿತು!

ನರಸೀಪುರದ ಅಜ್ಜಿ · 9:55

ನೋಡಿ, ಅದೂ ಪಂಕ್ತಿಯೇ. ವ್ಯಾನಿನ ಪಂಕ್ತಿ.

ಮಾತು ಕಲಿಸುವವಳು · ಬುಧವಾರ ಬೆಳಿಗ್ಗೆ 7:20

ನಾನು ಸ್ಪೀಚ್ ಥೆರಪಿಸ್ಟ್. ಈ ಮಗುವಿನ ಬಗ್ಗೆ ಕೇಳಿದ್ದರಲ್ಲಿ ನನಗೆ ಗಾಬರಿ ಪಡುವಂಥದ್ದು ಏನೂ ಕಾಣಲಿಲ್ಲ. ರಾತ್ರಿ ಮಲಗುವಾಗ ಯಾರು ಏನಂದರು ಅಂತ ವರದಿ ಒಪ್ಪಿಸುವ ಮಗು! ಆದರೆ ಇದನ್ನು ಬೇರೆ ಅಪ್ಪ ಅಮ್ಮಂದಿರೂ ಓದುತ್ತಾರೆ, ಅದಕ್ಕೆ ಒಂದು ಮಾತು. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ತನಗೆ ಚೆಂದ ಕಂಡದ್ದನ್ನು ಬೆರಳು ಮಾಡಿ ಯಾರಿಗೂ ತೋರಿಸುವುದಿಲ್ಲ, ಬೇರೆ ಮಕ್ಕಳ ಕಡೆ ನೋಡುವುದೂ ಇಲ್ಲ, ಎರಡು ತುಂಬಿ ಎಷ್ಟೋ ದಿನವಾದರೂ ಎರಡು ಪದ ಜೋಡಿಸಿ ಮಾತಾಡುವುದಿಲ್ಲ. ಹೀಗಿದ್ದರೆ "ನಮ್ಮ ಮನೆತನದಲ್ಲಿ ಮಾತು ತಡ" ಅಂತ ಕಾಯಬೇಡಿ. ನಮ್ಮ ಮೈಸೂರಿನ ಮಾನಸಗಂಗೋತ್ರಿಯಲ್ಲೇ ವಾಕ್ ಶ್ರವಣ ಸಂಸ್ಥೆ ಇದೆ. ದೂರದ ಊರುಗಳಿಂದ ರೈಲು ಹತ್ತಿ ಬರುತ್ತಾರೆ, ನಾವು ಊರಲ್ಲೇ ಇದ್ದು ಹೋಗುವುದಿಲ್ಲ. ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಕಿವಿ ಸರಿಯಾಗಿ ಕೇಳದ ಮಗುವನ್ನು "ಸೇರಲ್ಲ, ಹಟಮಾರಿ" ಅಂದುಬಿಟ್ಟಿರುತ್ತಾರೆ.

ಕೋಡಿಂಗ್ ಅಪ್ಪ · 8:30

ಒಳ್ಳೆ ಮಾತು. ಇನ್ನೊಂದು ವಿಷಯ, ತಿಂಗಳ ಲೆಕ್ಕ. ಒಂದೇ ಕ್ಲಾಸಿನಲ್ಲಿ ಹನ್ನೊಂದು ತಿಂಗಳ ವ್ಯತ್ಯಾಸ ಇರುತ್ತದೆ. ನಾವು ನಲವತ್ತರವರಿಗೆ ಅದು ಏನೂ ಅಲ್ಲ. ನಾಲ್ಕು ವರ್ಷದವನಿಗೆ ಅದು ಆಯಸ್ಸಿನ ಕಾಲು ಭಾಗ. ಒಂದನೇ ಕ್ಲಾಸಿಗೆ ಜೂನ್ 1ಕ್ಕೆ ಆರು ತುಂಬಿರಬೇಕು ಅಂದಾಗ ಎಷ್ಟು ಜನ ಗಲಾಟೆ ಮಾಡಿದರು, 2025-26ಕ್ಕೆ ಐದೂವರೆಗೆ ಒಂದು ತಿಂಗಳು ಕಡಿಮೆ ಇದ್ದರೂ ಸಾಕು ಅಂತ ಸಡಿಲ ಮಾಡಬೇಕಾಯಿತು. ಓದು ಹೇಗೋ ಬರುತ್ತದೆ. ಚಿಕ್ಕದಾಗಿ ಹೋದ ಮಗು ಆಟದಲ್ಲಿ ಏಗಬೇಕಲ್ಲ, ಅದನ್ನು ಯಾರೂ ನೋಡುವುದಿಲ್ಲ.

ಹೆಬ್ಬಾಳ ರಿಂಗ್ ರೋಡ್ · 8:41

ನೀವು ಬೇರೆ ಥ್ರೆಡ್‌ನಲ್ಲೂ ಇದನ್ನೇ ಹೇಳಿದ್ರಿ.

ಕೋಡಿಂಗ್ ಅಪ್ಪ · 8:42

ಅಲ್ಲೂ ಯಾರೂ ಕೇಳಲಿಲ್ಲ.

ಮಲ್ಲಿಗೆ ಮೊಗ್ಗು · ಮಧ್ಯಾಹ್ನ 1:10

ಟೀಚರ್ ಅಕ್ಕ, ಒಂದು ಪ್ರಶ್ನೆ. ಸ್ಕೂಲಿನಲ್ಲೇ "ಯಾರನ್ನೂ ಬೇಡ ಅನ್ನುವ ಹಾಗಿಲ್ಲ" ಅಂತ ರೂಲ್ ಮಾಡಿದರೆ ಆಗಲ್ವಾ?

ಸರಸ್ವತಿಪುರಂ ಟೀಚರ್ · ಸಂಜೆ 5:05

ಶಿಕಾಗೋದಲ್ಲಿ ವಿವಿಯನ್ ಪೇಲಿ ಎಂಬ ಕಿಂಡರ್‌ಗಾರ್ಟನ್ ಟೀಚರ್ ನಿಜವಾಗಿಯೂ ಆ ನಿಯಮ ತಂದಿದ್ದರು. ನಾನೂ ಒಂದು ವರ್ಷ ಮಾಡಿದೆ. ಮಕ್ಕಳು ಬಾಯಲ್ಲಿ ಬೇಡ ಅನ್ನುವುದು ನಿಂತಿತು. ಆದರೆ ಹೊಸಬರಿಗೆ ಯಾವಾಗಲೂ ನಾಯಿಮರಿ ಪಾರ್ಟು. ಒಂದು ಹುಡುಗಿ ಇಡೀ ಜುಲೈ ಬೌ ಬೌ ಅಂದುಕೊಂಡೇ ಇದ್ದಳು. ನಾಯಿಮರಿ ಆಗಿ ಒಳಗೆ ಇರುವುದು ಹೊರಗೆ ನಿಲ್ಲುವುದಕ್ಕಿಂತ ವಾಸಿಯಾ? ನನಗೆ ಇನ್ನೂ ತೀರ್ಮಾನ ಆಗಿಲ್ಲ.

ಮದ್ದೂರು ವಡೆ · 5:30

ನಾಯಿಮರಿಯೂ ಲೆಕ್ಕಕ್ಕಿಲ್ಲದವನೇ ಅಲ್ವಾ ತಾಯಿ. ಇರಲಿ ಬಿಡಿ. ಆಗಸ್ಟಿಗೆ ಕಚ್ಚುತ್ತದೆ.

ಕುವೆಂಪುನಗರದ ಅಮ್ಮ · ಎರಡು ವಾರದ ನಂತರ, ಭಾನುವಾರ ರಾತ್ರಿ 10:20

ಎಲ್ಲರಿಗೂ ಏನಾಯಿತು ಅಂತ ಹೇಳಲೇಬೇಕು.

ಬಾಟಲ್ ಕೊಡಿಸಲಿಲ್ಲ. "ಯಾರು ಆಡಿದರು?" ಅಂತ ಕೇಳುವುದು ನಿಲ್ಲಿಸಿದೆ. "ಊಟಕ್ಕೆ ಯಾರ ಪಕ್ಕ ಕೂತೆ?" ಅಂತ ಕೇಳಿದೆ. ಮೂರು ದಿನವೂ ಒಂದೇ ಹೆಸರು ಬಂತು. ಪಿಂಕ್ ಗುಂಪಿನದೇ ಒಂದು ಹುಡುಗಿ! ಊಟಕ್ಕೆ ಪಕ್ಕ, ಆಟಕ್ಕೆ ಬೇಡ. ಅವರ ಅಮ್ಮನಿಗೆ ಫೋನ್ ಮಾಡಿ ಶನಿವಾರ ಮನೆಗೆ ಕರೆದೆ. ಮೊದಲ ಮುಕ್ಕಾಲು ಗಂಟೆ ಇಬ್ಬರೂ ಬೆನ್ನು ಹಾಕಿ ಕೂತು ಬೇರೆ ಬೇರೆ ಆಡಿದರು. ನಾನು ಅವರ ಅಮ್ಮನ ಮುಖ ನೋಡಲು ನಾಚಿಕೊಂಡು ಎರಡು ಸಲ ಕಾಫಿ ಮಾಡಿದೆ. ಆಮೇಲೆ ಅತ್ತೆ ಸುಮ್ನೆ ಒಂದು ತಟ್ಟೆ ರಾಗಿ, ಎರಡು ಲೋಟ, ಒಂದೇ ಸೌಟು ತಂದು ಮಧ್ಯೆ ಇಟ್ಟರು. ಸೌಟಿಗೆ ಜಗಳ ಆಯಿತು. ಜಗಳ ಆದ ಮೇಲೆ ಹೋಟೆಲ್ ಆಯಿತು. ಅಡುಗೆಮನೆವರೆಗೂ ರಾಗಿ. ಕರೆದುಕೊಂಡು ಹೋಗುವಾಗ ಇಬ್ಬರೂ ಅತ್ತರು.

ಸೋಮವಾರದಿಂದ ಪಿಂಕ್ ಗುಂಪು ನಾಲ್ಕು ಜನ. ನೀಲಿ ಬಾಟಲ್ ನಡೆಯುತ್ತದಂತೆ, ಯಾಕೆಂದರೆ "ಅದರ ಮುಚ್ಚಳ ಸ್ವಲ್ಪ ಪಿಂಕ್ ತರಹ". ಅದು ಬಿಳಿ.

ಈಗ ನಿಜವಾದ ವಿಷಯ. ಇವತ್ತು ಪಾರ್ಕಿನಲ್ಲಿ ಅವಳ ಕ್ಲಾಸಿನ ಒಬ್ಬ ಹುಡುಗ ಸಿಕ್ಕಿದ. ಓಡಿ ಬಂದ. ನನ್ನ ಮಗಳು ಸೊಂಟಕ್ಕೆ ಕೈ ಇಟ್ಟು "ನೀನು ಬರಬೇಡ, ನಿನ್ನ ಹತ್ರ ಮೊಲದ ಕ್ಲಿಪ್ ಇಲ್ಲ" ಅಂದಳು. ಆ ಮಗು ಎರಡು ಹೆಜ್ಜೆ ಹಿಂದೆ ಹೋಗಿ ನಿಂತಿತು. ನಾನು ಗೇಟಿನ ಸಂದಿಯಿಂದ ನೋಡಿದ ಹಾಗೇ. ನನಗೆ ನೆಲ ಕುಸಿದ ಹಾಗಾಯಿತು. ಅಲ್ಲೇ ಬೈದೆ. ಇಬ್ಬರೂ ಅತ್ತರು.

ಕುಕ್ಕರಹಳ್ಳಿ ವಾಕಿಂಗ್ · 10:31

ಅಯ್ಯೋ.

ಮಲ್ಲಿಗೆ ಮೊಗ್ಗು · 10:33

ಸೌಟಿನ ಉಪಾಯಕ್ಕೆ ಅತ್ತೆಗೆ ನನ್ನ ನಮಸ್ಕಾರ ಹೇಳಿ. ಒಂದೇ ಸೌಟು!!

ಸರಸ್ವತಿಪುರಂ ಟೀಚರ್ · 10:50

ಬೈದದ್ದು ಬೈದಿರಿ, ಹೋಗಲಿ. ಮುಂದಿನ ಸಲ ಬೈಯುವ ಬದಲು ಅವನಿಗೊಂದು ಕೆಲಸ ಕೊಡಿ. "ಹೋಟೆಲಿಗೆ ಗಿರಾಕಿ ಬಂದಿದ್ದಾರೆ, ಏನು ಕೊಡುತ್ತೀಯಾ?" ಅನ್ನಿ. ಗಿರಾಕಿಗೆ ಕ್ಲಿಪ್ ಬೇಕಿಲ್ಲ. ನಾಯಿಮರಿ ಮಾತ್ರ ಮಾಡಬೇಡಿ.

ಅಂದ ಹಾಗೆ ಈ ವಯಸ್ಸಿಗೆ ಹುಡುಗರು ಹುಡುಗಿಯರು ತಾವಾಗಿಯೇ ಬೇರೆ ಬೇರೆ ಆಗಲು ಶುರು ಮಾಡುತ್ತಾರೆ. ಕ್ಲಿಪ್ ನೆಪವೂ ಇರಬಹುದು.

ನರಸೀಪುರದ ಅಜ್ಜಿ · ಸೋಮವಾರ ಬೆಳಿಗ್ಗೆ 6:40

ಆ ಹುಡುಗ ಊಟಕ್ಕೆ ಯಾರ ಪಕ್ಕ ಕೂರುತ್ತಾನೆ?

ಕುವೆಂಪುನಗರದ ಅಮ್ಮ · 7:02

ಗೊತ್ತಿಲ್ಲ ಅಜ್ಜಿ. ಅವನ ಹೆಸರೂ ಗೊತ್ತಿಲ್ಲ. ಇವತ್ತು ಬಿಡಲು ಹೋದಾಗ ಕೇಳುತ್ತೇನೆ.

ಹೆಬ್ಬಾಳ ರಿಂಗ್ ರೋಡ್ · 7:10

ಮೊಲದ ಕ್ಲಿಪ್ ಎಲ್ಲಿ ಸಿಗುತ್ತದೆ? ನನ್ನ ಮಗಳು ಎರಡು ದಿನದಿಂದ ಅದನ್ನೇ ಕೇಳುತ್ತಿದ್ದಾಳೆ. ಯಾವ ಸ್ಕೂಲು ನಿಮ್ಮದು ಮೇಡಂ??